ರೆಸಿಸ್ಟಿವಿಟಿ ಚಿತ್ರದಲ್ಲಿ ನೀಲಿ ಕಂಡರೆ ಅದು ನೀರೇನಾ?

ನಮಸ್ಕಾರ. ನಿಮ್ಮ ಲೇಔಟ್ ಪಕ್ಕದ ಕೆರೆ ಅಂಗಳದಲ್ಲಿ ರೆಸಿಸ್ಟಿವಿಟಿ ಸರ್ವೆ ಮಾಡಿಸಿದ್ದೀರಿ. ವರದಿಯಲ್ಲಿ ಏರಿಯ ಹತ್ತಿರ ದೊಡ್ಡ ನೀಲಿ ಪಟ್ಟೆ ಬಂದಿದೆ. ಅಲ್ಲಿಂದ ನೀರು ಇಂಗಿ ನಿಮ್ಮ 900 ಅಡಿ ಬೋರ್‌ವೆಲ್‌ಗೆ ಬರುತ್ತಿದೆಯಾ, ಹೂಳು ತೆಗೆಸಿದರೆ ಜಾಸ್ತಿ ಬರುತ್ತಾ ಅಂತ ಕೇಳಿದ್ದೀರಿ. ಬೆಂಗಳೂರಿನ ನಾಲ್ಕೈದು ಕೆರೆಗಳಲ್ಲಿ ನಾನು ಈ ಕೆಲಸ ಮಾಡಿದ್ದೇನೆ. ಆ ನೀಲಿಯನ್ನು ಈಗಲೇ ನೀರು ಅಂತ ನಂಬಬೇಡಿ.

ಈ ಯಂತ್ರಕ್ಕೆ ನೀರು ಕಾಣುವುದಿಲ್ಲ. ಎರಡು ಸರಳಿನಿಂದ ನೆಲಕ್ಕೆ ಕರೆಂಟ್ ಬಿಡುತ್ತೇವೆ, ಇನ್ನೆರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ನೆಲ ಎಷ್ಟು ಅಡ್ಡಿ ಮಾಡುತ್ತದೆ ಎಂಬುದಷ್ಟೇ ಸಿಗುವುದು. ಅಡ್ಡಿ ಕಡಿಮೆ ಇದ್ದರೆ ಸಾಮಾನ್ಯವಾಗಿ ನೀಲಿ, ಜಾಸ್ತಿ ಇದ್ದರೆ ಕೆಂಪು. ನಮ್ಮ ಗಟ್ಟಿ ಕಲ್ಲು, ಲಾಲ್‌ಬಾಗ್ ಬಂಡೆಯಂಥದ್ದು, ಸಾವಿರಾರು ಓಮ್-ಮೀಟರ್ (ಈ ಅಡ್ಡಿಯನ್ನು ಅಳೆಯುವ ಮಾನ) ತೋರಿಸುತ್ತದೆ. ಸವೆದು ಪುಡಿಯಾದ ಕಲ್ಲು ನೀರು ಕುಡಿದಿದ್ದರೆ ಕೆಲವು ಹತ್ತುಗಳಿಂದ ನೂರಿನ್ನೂರು. ಒದ್ದೆ ಜೇಡಿಮಣ್ಣು 5ರಿಂದ 20. ಇನ್ನು ಚರಂಡಿ ಸೇರಿದ ಕೆರೆ ನೀರು? ಅದರಲ್ಲಿ ಉಪ್ಪಿನಂಶ ಹೆಚ್ಚು. ನೀರು ಎಷ್ಟು ಕರೆಂಟ್ ಹರಿಯಬಿಡುತ್ತದೆ ಅಂತ ಅಳೆಯುವ ಮೀಟರ್ ಸೆಂಟಿಮೀಟರ್‌ಗೆ 1000 ಮೈಕ್ರೋಸೀಮೆನ್ಸ್ ತೋರಿಸಿದರೆ ಅದು 10 ಓಮ್-ಮೀಟರ್‌ಗೆ ಸಮ. ಅಂದರೆ ಜೇಡಿಯೂ ನೀಲಿ, ಕೊಳಕು ನೀರೂ ನೀಲಿ.

ಇದನ್ನು ನಾನು ತಪ್ಪು ಮಾಡಿಯೇ ಕಲಿತೆ. ನಗರದ ಪೂರ್ವದ ಒಂದು ಕೆರೆ, ಏಪ್ರಿಲ್ ತಿಂಗಳು. ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ಕರೆಂಟ್ ಹಿಡಿಯಲೆಂದು ಪ್ರತಿ ಸರಳಿನ ಬುಡಕ್ಕೂ ಉಪ್ಪುನೀರು ಹಾಕಿದೆವು. ಚಿತ್ರದಲ್ಲಿ ತೂಬಿನ ಪಕ್ಕ ನೀಲಿ ಬಂತು. ನೀರು ಇಲ್ಲೇ ಇಂಗುತ್ತಿದೆ ಅಂತ ಅಲ್ಲಿನವರಿಗೆ ಹೇಳಿಬಿಟ್ಟೆ. ಆಮೇಲೆ ಕೈ ಆಗರ್ (ಮಣ್ಣು ಕೊರೆದು ತೆಗೆಯುವ ಸಾಧನ) ತಿರುಗಿಸಿ ನೋಡಿದರೆ ಎರಡು ಮೀಟರ್‌ವರೆಗೂ ಕಪ್ಪು ಜೇಡಿ. ಹಿಂಡಿದರೂ ಒಂದು ಹನಿ ಬರಲಿಲ್ಲ. ಯೋಚಿಸಿದರೆ ಅದು ಹಾಗೇ ಇರಬೇಕು, ಅಲ್ವಾ? ರಾಜಕಾಲುವೆ ಬಂದು ಸೇರುವ ಕಡೆ ಮರಳು ಮೊದಲು ಕೂರುತ್ತದೆ. ನುಣ್ಣನೆ ಮಣ್ಣು ತೇಲಿಕೊಂಡು ಹೋಗಿ ಏರಿಯ ಬುಡದ ಆಳದಲ್ಲಿ ಕೂರುತ್ತದೆ. ಜನ ತಮ್ಮ ಕೆರೆಗೆ ಕೈಯಿಂದ ದುಡ್ಡು ಹಾಕುತ್ತಿರುವಾಗ ನಾನು ಹಾಗೆ ಹೇಳಬಾರದಿತ್ತು.

ಈಗ ನಿಮ್ಮ ಬೋರ್‌ವೆಲ್ ವಿಷಯ. 48 ಸರಳನ್ನು 2 ಮೀಟರ್‌ಗೆ ಒಂದರಂತೆ ಹೊಡೆದರೆ ಸಾಲಿನ ಉದ್ದ 94 ಮೀಟರ್. ಅದರಿಂದ ಸುಮಾರು 15–20 ಮೀಟರ್ ಆಳ ಗೊತ್ತಾಗುತ್ತದೆ. 900 ಅಡಿ ಆಳದಲ್ಲಿ ಬೋರ್‌ವೆಲ್‌ಗೆ ನೀರು ಕೊಡುವ ಕಲ್ಲಿನ ಬಿರುಕಿನ ಬಗ್ಗೆ ಅದು ಏನೂ ಹೇಳಲಾರದು. ಏರಿ ಕೆಳಗಿನ ತೆರೆದ ಬಾವಿಗಳ ಬಗ್ಗೆ ಹೇಳಬಲ್ಲದು.

ಇಂಗುವಿಕೆ ತಿಳಿಯಬೇಕಾದರೆ ಒಂದೇ ಸಾಲನ್ನು ಎರಡು ಸಲ ಅಳೆಯಿರಿ. ಏರಿಯ ಹೊರಮಗ್ಗುಲಿನ ಬುಡದಲ್ಲಿ ಏಪ್ರಿಲ್‌ನಲ್ಲಿ ಒಮ್ಮೆ, ಕೆರೆ ತುಂಬಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ. ಜೇಡಿ ಇದ್ದಲ್ಲೇ ಇರುತ್ತದೆ, ನೀರು ಮಾತ್ರ ಬಂದು ಹೋಗುತ್ತದೆ. ಮೇಲಿನ ಒಂದೆರಡು ಮೀಟರ್ ಮಳೆಗೆ ಹೇಗೂ ಬದಲಾಗುತ್ತದೆ, ಅದನ್ನು ಬಿಟ್ಟು ಕೆಳಗೆ ನೋಡಿ. ಬಿಸಿಲಿನ ಲೆಕ್ಕವನ್ನೂ ಕಳೆಯಲು ಹೇಳಿ, ಒಂದು ಡಿಗ್ರಿಗೆ ಸುಮಾರು ಶೇ. 2ರಷ್ಟು ವ್ಯತ್ಯಾಸ ಬರುತ್ತದೆ. ಜೊತೆಗೆ ಎರಡು ಮೂರು ಕಡೆ ಆಗರ್ ಹಾಕಿಸಿ. ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಟೇಪ್ ಬಿಟ್ಟು ಬರೆದಿಡಿ.

ಹೂಳು ತೆಗೆಸುವುದಕ್ಕೆ ಅಲ್ಲಿವರೆಗೆ ಕಾಯಿರಿ. ಕೆರೆಗೆ ಇನ್ನೂ ಚರಂಡಿ ನೀರು ಬರುತ್ತಿದ್ದರೆ ಕಲ್ಲು ಕಾಣುವವರೆಗೆ ಕೆರೆಯಲು ಬಿಡಲೇಬೇಡಿ. ಆ ಜೇಡಿಯೇ ಈಗ ಕೊಳಕನ್ನು ನಿಮ್ಮ ಬಾವಿಗೆ ಇಳಿಯದಂತೆ ತಡೆಯುತ್ತಿರಬಹುದು. ಮತ್ತೆ, ಸರ್ವೆಯವರಿಂದ ಬಣ್ಣದ ಚಿತ್ರ ಮಾತ್ರ ಅಲ್ಲ, ಮೂಲ ಅಳತೆಗಳ ಫೈಲನ್ನೂ ಈಗಲೇ ಕೇಳಿ ಇಟ್ಟುಕೊಳ್ಳಿ.