ಶುಗರ್ ಎಷ್ಟಿದೆ ಅಂತ ಮನೆಯವರಿಗೂ ಕಾಣಿಸಬೇಕಾ?

ಕಾಣಿಸಲಿ. ಆದರೆ ಎಲ್ಲರಿಗೂ ಎಲ್ಲವೂ ಕಾಣುವ ಹಾಗೆ ಮಾಡಬೇಡಿ.

ಟೈಪ್ 1 ಮಧುಮೇಹ ಅಂತ ಗೊತ್ತಾಗಿ ಆರು ತಿಂಗಳಾಗಿದೆ, ಒಬ್ಬರೇ ಇರುತ್ತೀರಿ, ತೋಳಿಗೆ ಗ್ಲೂಕೋಸ್ ಸೆನ್ಸರ್ ಹಾಕಿಕೊಂಡಿದ್ದೀರಿ, ಅಪ್ಪ ಅಮ್ಮ ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿ ಶುಗರ್ ಎಷ್ಟಿದೆ ಎಂದು ಕೇಳುತ್ತಾರೆ, ಆ್ಯಪ್‌ನಲ್ಲಿ ಅವರಿಗೂ ಕಾಣುವಂತೆ ಮಾಡಿದರೆ ಈ ಫೋನ್ ನಿಲ್ಲುತ್ತದಾ ಅಂತ ಕೇಳಿದ್ದೀರಿ. ನನಗೆ ಇದೇ ಕಾಯಿಲೆ ಬಂದು 11 ವರ್ಷ. ಸೆನ್ಸರ್ ಹಾಕಲು ಶುರುಮಾಡಿ 5 ವರ್ಷ. ಯಾವ ಮಾತುಕತೆಯೂ ಇಲ್ಲದೆ ಸುಮ್ನೆ ಹಂಚಿಕೊಂಡರೆ ಫೋನ್ ನಿಲ್ಲುವುದಿಲ್ಲ, ಜಾಸ್ತಿಯಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಮೊದಲ ದಿನವೇ ಅಮ್ಮ, ಅಕ್ಕ, ಅಣ್ಣ ಮೂವರಿಗೂ ಕೊಟ್ಟೆ. ಊಟವಾದ ಮುಕ್ಕಾಲು ಗಂಟೆಗೆ 210 ತೋರಿಸಿದರೆ ಅಮ್ಮನ ಫೋನ್: "ಏನು ತಿಂದೆ?" ಮೆಟ್ಟಿಲು ಹತ್ತಿಳಿದು 85ಕ್ಕೆ ಬಂದರೆ ಅಣ್ಣನ ಮೆಸೇಜು. ಅವರದು ತಪ್ಪು ಅಂತ ಹೇಳುತ್ತಿಲ್ಲ. ಐದೈದು ನಿಮಿಷಕ್ಕೆ ಬದಲಾಗುವ ಒಂದು ಅಂಕಿಯನ್ನು ಕೈಗೆ ಕೊಟ್ಟು, ಅದನ್ನು ಹೇಗೆ ಓದಬೇಕು ಎಂದು ಹೇಳಿಕೊಡದಿದ್ದರೆ ಪ್ರೀತಿಸುವವರು ಹೆದರದೆ ಇನ್ನೇನು ಮಾಡುತ್ತಾರೆ? ಕೊನೆಗೆ ನಾನೇ ಬಚ್ಚಿಡಲು ಶುರುಮಾಡಿದೆ. ಹೊರಗೆ ಊಟಕ್ಕೆ ಹೋಗುವ ಮೊದಲು ಹಂಚಿಕೆ ನಿಲ್ಲಿಸುವುದು, ಮನೆಗೆ ಬಂದ ಮೇಲೆ ಮತ್ತೆ ಹಾಕುವುದು. ಒಂದು ರಾತ್ರಿ ಮತ್ತೆ ಹಾಕುವುದನ್ನು ಮರೆತು ಮಲಗಿದೆ. ಬೆಳಗಿನ ಜಾವ ಎಚ್ಚರವಾದಾಗ ಬಟ್ಟೆಯೆಲ್ಲ ಬೆವರಿನಿಂದ ಒದ್ದೆ, ಕೈ ನಡುಗುತ್ತಿತ್ತು, ಶುಗರ್ 48. ನನ್ನ ಫೋನ್ ಅದೆಷ್ಟು ಹೊತ್ತಿನಿಂದ ಕೂಗುತ್ತಿತ್ತೋ, ನನಗೆ ಕೇಳಿಸಿರಲಿಲ್ಲ. ಕೇಳಿಸಿಕೊಳ್ಳಬಹುದಾಗಿದ್ದ ಮೂವರಿಗೆ ಸುದ್ದಿಯೇ ಹೋಗಿರಲಿಲ್ಲ.

ಮಾರನೇ ದಿನ ಮೂವರಿಗೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ಅತ್ತರು. ಆಮೇಲೆ ನಾಲ್ಕೂ ಜನ ಕೂತು ಒಂದು ಒಪ್ಪಂದ ಮಾಡಿಕೊಂಡೆವು, ಇವತ್ತಿಗೂ ಅದೇ ನಡೆಯುತ್ತಿದೆ.

ಅಮ್ಮನಿಗೆ ಗ್ರಾಫ್ ಇಲ್ಲ. ಕೆಲವು ಆ್ಯಪ್‌ಗಳಲ್ಲಿ ಗ್ರಾಫ್ ಮುಚ್ಚಿ ಎಚ್ಚರಿಕೆ ಮಾತ್ರ ಹೋಗುವಂತೆ ಮಾಡಬಹುದು, ನಿಮ್ಮದರಲ್ಲಿ ಇದೆಯಾ ನೋಡಿ. ಭಾನುವಾರಕ್ಕೊಮ್ಮೆ ನಾನೇ 14 ದಿನದ ವರದಿಯ ಚಿತ್ರ ಕಳಿಸುತ್ತೇನೆ, ಅದರ ಬಗ್ಗೆ ಇಬ್ಬರೂ ಸಮಾಧಾನವಾಗಿ ಮಾತಾಡುತ್ತೇವೆ. ರಾತ್ರಿಯ ಹೊಣೆ ಅಕ್ಕನದು, ಯಾಕೆಂದರೆ ಫೋನ್ ಶಬ್ದಕ್ಕೆ ತಕ್ಷಣ ಏಳುವವಳು ಅವಳೊಬ್ಬಳೇ. 55ಕ್ಕಿಂತ ಕೆಳಗೆ ಹೋದರೆ ಅವಳಿಗೆ ಎಚ್ಚರಿಕೆ ಹೋಗುತ್ತದೆ. ಅವಳು ನನಗೆ ಫೋನ್ ಮಾಡುತ್ತಾಳೆ, ಎತ್ತದಿದ್ದರೆ ಮತ್ತೊಮ್ಮೆ, ಆಗಲೂ ಎತ್ತದಿದ್ದರೆ ಪಕ್ಕದ ಮನೆಯವರಿಗೆ. ಅವರ ಹತ್ತಿರ ನಮ್ಮ ಮನೆಯ ಕೀಲಿ ಇದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಆಂಬುಲೆನ್ಸ್ ಕರೆಯಬೇಕು, ಶುಗರ್ ಬೇಗ ಏರಿಸುವ ತುರ್ತು ಔಷಧಿ ಗ್ಲುಕಗಾನ್ ಎಲ್ಲಿಟ್ಟಿದ್ದೇನೆ, ಹೇಗೆ ಕೊಡಬೇಕು ಎಲ್ಲ ತೋರಿಸಿಕೊಟ್ಟಿದ್ದೇನೆ. ಅಣ್ಣನಿಗೆ ಗ್ರಾಫ್ ಕಾಣುತ್ತದೆ, ಆದರೆ ನಾನಾಗಿ ಕೇಳುವವರೆಗೆ ಅವನು ಮಾತೆತ್ತುವುದಿಲ್ಲ.

ಈಗ ಅಮ್ಮನಿಗೆ ನಿಜವಾಗಿ ಧೈರ್ಯ ಕೊಟ್ಟ ಲೆಕ್ಕ ಹೇಳುತ್ತೇನೆ. 2019ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಸೆನ್ಸರ್ ಹಾಕಿಕೊಂಡವರಿಗೆ ಒಂದು ಗುರಿ ಹೇಳಿತು. ಟೈಪ್ 1 ಇರುವ ಹೆಚ್ಚಿನ ವಯಸ್ಕರಿಗೆ ಶುಗರ್ ದಿನದ 70% ಹೊತ್ತು 70ರಿಂದ 180ರ ಒಳಗಿದ್ದರೆ ಒಳ್ಳೆಯದು. ಇದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. 70% ಅಂದರೆ ಸುಮಾರು 17 ಗಂಟೆ. ಅಂದರೆ ಗುರಿ ಮುಟ್ಟಿದ ದಿನವೂ 7 ಗಂಟೆ ಆಚೆ ಈಚೆ ಇರಬಹುದು, ಅಲ್ವಾ? 70ಕ್ಕಿಂತ ಕೆಳಗಿನ ಹೊತ್ತು 4%ಗಿಂತ ಕಡಿಮೆ ಇರಬೇಕು, ಅದು ದಿನಕ್ಕೆ ಒಂದು ಗಂಟೆಗೂ ಕಡಿಮೆ. ವಯಸ್ಸಾದವರಿಗೂ ಗರ್ಭಿಣಿಯರಿಗೂ ಗುರಿ ಬೇರೆ, ನಿಮ್ಮದನ್ನು ವೈದ್ಯರ ಹತ್ತಿರ ಕೇಳಿಕೊಳ್ಳಿ. ಇದನ್ನು ಅಮ್ಮನಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ. "ಹಾಗಾದರೆ 210 ಅಂದರೆ ಗಾಬರಿ ಬೇಡವಾ?" ಎಂದರು. ಊಟದ ನಂತರ ಸ್ವಲ್ಪ ಹೊತ್ತು ಬೇಡ, ಗಂಟೆಗಟ್ಟಲೆ ಇಳಿಯದೆ ಹತ್ತುತ್ತಲೇ ಇದ್ದರೆ ಮಾತ್ರ ಯೋಚಿಸಬೇಕು ಎಂದೆ. ಆ ಒಂದು ಮಾತಿನಿಂದ ಅರ್ಧ ಫೋನ್ ನಿಂತವು.

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನೂ ಮನೆಯವರಿಗೆ ಹೇಳಿ. ಅದು ರಕ್ತವನ್ನು ಅಳೆಯುವುದಿಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವೆ ಇರುವ ದ್ರವವನ್ನು ಅಳೆಯುತ್ತದೆ. ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಕೆಲವು ನಿಮಿಷ ಬೇಕು. ಹಾಗಾಗಿ ಶುಗರ್ ಇಳಿದಾಗ 15 ಗ್ರಾಂ ಗ್ಲೂಕೋಸ್ ತಿಂದು 15 ನಿಮಿಷ ಕಾದರೂ ಆ್ಯಪ್ ಇನ್ನೂ ಕೆಳಗೇ ತೋರಿಸುತ್ತಿರಬಹುದು. ದೂರದಲ್ಲಿ ಕೂತು ನೋಡುವವರು "ಇನ್ನೂ ತಿನ್ನು, ಇನ್ನೂ ತಿನ್ನು" ಎಂದು ಒತ್ತಾಯಿಸುವುದು ಇಲ್ಲೇ. ಆಗ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿ, ಅದನ್ನು ನಂಬಿ. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೆ ಸುಳ್ಳು ಕಡಿಮೆ ಅಂಕಿ ಬರುತ್ತದೆ, ಮಗ್ಗುಲು ಬದಲಿಸಿದರೆ ಸರಿಹೋಗುತ್ತದೆ. ನಮ್ಮಕ್ಕನಿಗೆ ಇದು ಗೊತ್ತಿಲ್ಲದ ದಿನಗಳಲ್ಲಿ ಪಾಪ ಎರಡು ಸಲ ನಡುರಾತ್ರಿ ಜೀವ ಬಾಯಿಗೆ ಬಂದಿತ್ತು. ಹೊಸ ಸೆನ್ಸರ್ ಹಾಕಿದ ಮೊದಲ ದಿನವೂ ಅಂಕಿ ಸ್ವಲ್ಪ ಆಚೀಚೆ ಇರಬಹುದು. ನಾನು ಅವತ್ತು "ಇವತ್ತು ಹೊಸದು" ಎಂದು ಒಂದು ಮೆಸೇಜ್ ಹಾಕಿಬಿಡುತ್ತೇನೆ.

ಇನ್ನೊಂದು, ಅಂಕಿ ಬರುವುದು ನಿಂತರೆ ಅಪಾಯ ಎಂದೇ ಅರ್ಥವಲ್ಲ. ಫೋನ್ ಬೇರೆ ಕೋಣೆಯಲ್ಲಿ ಉಳಿದಿರಬಹುದು, ಚಾರ್ಜ್ ಮುಗಿದಿರಬಹುದು, ನೆಟ್ ಇಲ್ಲದಿರಬಹುದು. ಎಷ್ಟು ಹೊತ್ತು ಬರದಿದ್ದರೆ ಫೋನ್ ಮಾಡಬೇಕು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ನಮ್ಮಲ್ಲಿ ಹಗಲು ಎರಡು ಗಂಟೆ, ರಾತ್ರಿ ಮುಕ್ಕಾಲು ಗಂಟೆ.

ಈ ಹಂಚಿಕೊಳ್ಳುವ ಯೋಚನೆ ದೊಡ್ಡ ಕಂಪನಿಗಳಿಂದಲೇ ಬಂದದ್ದಲ್ಲ. 2013ರಲ್ಲಿ ಜಾನ್ ಕೋಸ್ಟಿಕ್ ಎಂಬ ಎಂಜಿನಿಯರ್ ತನ್ನ ಪುಟ್ಟ ಮಗನ ಸೆನ್ಸರ್ ಅಂಕಿಗಳನ್ನು ದೂರದಿಂದಲೇ ನೋಡಲು ತಾನೇ ಪ್ರೋಗ್ರಾಂ ಬರೆದರು. ಅದರಿಂದ ಬೆಳೆದದ್ದೇ ನೈಟ್‌ಸ್ಕೌಟ್, ಇವತ್ತಿಗೂ ಉಚಿತ. ಅದನ್ನು ಬೆಳೆಸಿದವರಲ್ಲಿ ಬಹಳಷ್ಟು ಮಂದಿ ಇಂಥ ಅಪ್ಪ ಅಮ್ಮಂದಿರೇ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಅಪ್ಪ ಅಮ್ಮನ ಚಡಪಡಿಕೆ ಹೊಸದೇನಲ್ಲ. ಅವರನ್ನು ಪೂರ್ತಿ ದೂರ ಇಡಬೇಡಿ. ಒಂದು ಕೆಲಸ ಕೊಡಿ.

ಹಂಚಿಕೊಳ್ಳುವ ಮೊದಲು ಹಗಲಿನಲ್ಲಿ ಒಂದು ಸಲ ಪರೀಕ್ಷೆ ಮಾಡಿ. ಫೋನ್ ಸೈಲೆಂಟ್‌ನಲ್ಲಿಟ್ಟು, ಎಚ್ಚರಿಕೆಯ ಮಿತಿಯನ್ನು ಸ್ವಲ್ಪ ಹೊತ್ತು ಮೇಲೇರಿಸಿ, ನಿಮ್ಮ ಫೋನಿನಲ್ಲೂ ಅವರ ಫೋನಿನಲ್ಲೂ ಶಬ್ದ ಬರುತ್ತದಾ ನೋಡಿ, ಆಮೇಲೆ ಮಿತಿಯನ್ನು ಮರೆಯದೆ ಮೊದಲಿನಂತೆ ಮಾಡಿ. ಫೋನ್ ಅಪ್‌ಡೇಟ್ ಆದಾಗಲೆಲ್ಲ ಇದನ್ನು ಮತ್ತೆ ಮಾಡಿ. ಲಾಕ್ ತೆಗೆಯದೆಯೇ ಕಾಣುವ ತುರ್ತು ಮಾಹಿತಿಯಲ್ಲಿ ಟೈಪ್ 1, ಇನ್ಸುಲಿನ್, ಇಬ್ಬರ ನಂಬರ್ ಬರೆದಿಡಿ. ಮತ್ತೆ, ನಿಮಗೆ ಬೇಡವೆನಿಸಿದರೆ ಹಂಚಿಕೆ ನಿಲ್ಲಿಸುವ ಹಕ್ಕು ನಿಮ್ಮದೇ, ಆದರೆ ನಿಲ್ಲಿಸುವಾಗ ಹೇಳಿ ನಿಲ್ಲಿಸಿ. ನಾನು ಹೇಳದೆ ನಿಲ್ಲಿಸಿದ್ದೆ.

ನೀವು ಒಬ್ಬರೇ ಇರುತ್ತೀರಿ ಎಂದಿದ್ದೀರಿ. ಆ್ಯಪ್ ಬಾಗಿಲು ತೆಗೆಯುವುದಿಲ್ಲ. ಸೆಟ್ಟಿಂಗ್ ಎಲ್ಲ ನಿಧಾನವಾಗಿ ನೋಡಿಕೊಳ್ಳಿ, ಮನೆಯ ಒಂದು ಕೀಲಿಯನ್ನು ಮಾತ್ರ ಹತ್ತಿರದಲ್ಲಿರುವ, ನಂಬಿಕೆಯ ಯಾರಿಗಾದರೂ ಇವತ್ತೇ ಕೊಡಿ.