ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿಲ್ಲ: ಸಂಪಾದಕರ ಉತ್ತರ

ಹಾವೇರಿ ಜಿಲ್ಲೆಯ ನಿವೃತ್ತ ಮಾಸ್ತರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸಾರ ಇಷ್ಟು. 2023ರ ಮೇ 10ರಂದು, ವಿಧಾನಸಭೆ ಚುನಾವಣೆಯ ದಿನ, ಅವರ ತಾಯಿ ವೋಟರ್ ಕಾರ್ಡ್ ಹಿಡಿದುಕೊಂಡು ಬೂತ್‌ಗೆ ಹೋದರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ವಾಪಸ್ ಕಳಿಸಿದರು. 2020ರ ಪಂಚಾಯ್ತಿ ಚುನಾವಣೆಯಲ್ಲಿ ಅದೇ ಊರಲ್ಲಿ ವೋಟ್ ಹಾಕಿದ್ದವರು. ನಡುವೆ ಮೊಣಕಾಲು ಆಪರೇಷನ್ ಆಗಿ ಕೆಲವು ತಿಂಗಳು ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದರು, ಅಷ್ಟೇ. ಅದೇ ದಿನ ಪಕ್ಕದ ಮನೆಯವರು ರೇಷನ್ ಕಾರ್ಡ್ ತೋರಿಸಿದ್ದಕ್ಕೆ ಅವರನ್ನೂ ತಡೆದರಂತೆ. ಇನ್ನು ಮಾಸ್ತರರ ಮಗನ ಹೆಸರು ಊರಿನ ಪಟ್ಟಿಯಲ್ಲೂ ಇದೆ, ಬೆಂಗಳೂರಿನ ಪಟ್ಟಿಯಲ್ಲೂ ಇದೆ. "ಊರಲ್ಲಿ ನಮ್ಮ ಸ್ವಂತ ಮನೆ ಇರುವಾಗ ಇದರಲ್ಲಿ ತಪ್ಪೇನು?" ಅಂತ ಕೇಳುತ್ತಾರೆ. ದುಬೈಯಲ್ಲಿರುವ ಮಗಳು ಆನ್‌ಲೈನ್‌ನಲ್ಲಿ ವೋಟ್ ಹಾಕಬಹುದಾ, ಮಾರ್ಚ್‌ನಲ್ಲಿ 18 ತುಂಬುವ ಮೊಮ್ಮಗ ಇನ್ನೊಂದು ಜನವರಿವರೆಗೆ ಕಾಯಬೇಕಾ ಅನ್ನೋದು ಉಳಿದ ಪ್ರಶ್ನೆಗಳು. ಪತ್ರದ ಕೊನೆ ಸಾಲು: "ಹೆಸರೇ ಇಲ್ಲ ಅಂದ್ರೆ ಈ ಕಾರ್ಡ್ ಯಾತಕ್ಕ್ರೀ?"

ಮಾಸ್ತರರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ತಪ್ಪು ಮನುಷ್ಯನ ಮೇಲೆ ಬಿದ್ದಿದೆ. ಬೂತ್‌ನಲ್ಲಿ ಕೂತಿದ್ದ ಅಧಿಕಾರಿಯನ್ನು ನೀವು ಒಂದು ಪುಟ ಬೈದಿದ್ದೀರಿ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಸೇರಿಸೋ ಅಧಿಕಾರ ಅವರಿಗಿಲ್ಲ. ತಹಶೀಲ್ದಾರರೇ ಬಂದು ನಿಂತರೂ ಆ ದಿನ ಏನೂ ಮಾಡುವಂತಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಯಾರ ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. 2023ರಲ್ಲಿ ಆ ಕೊನೆ ದಿನ ಏಪ್ರಿಲ್ 20. ನಿಮ್ಮ ತಾಯಿಯ ವೋಟು ಹೋಗಿದ್ದು ಅದಕ್ಕೂ ಮೊದಲೇ. ನಿಮಗೆ ಗೊತ್ತಾಗಿದ್ದು ಮಾತ್ರ ಮೇ 10ಕ್ಕೆ.

ನೀವು ಎಷ್ಟೋ ಚುನಾವಣೆಯಲ್ಲಿ ಡ್ಯೂಟಿ ಮಾಡಿದ್ದೇನೆ ಅಂತ ಬರೆದಿದ್ದೀರಿ. ಹಾಗಾದರೆ ಆ ಮೇಜನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊದಲ ಪೋಲಿಂಗ್ ಆಫೀಸರ್ ಮುಂದೆ ಇರೋದು ಪಟ್ಟಿ. ಅವರು ಗುರುತು ನೋಡಿ, ಕ್ರಮಸಂಖ್ಯೆಯನ್ನೂ ಹೆಸರನ್ನೂ ಅಭ್ಯರ್ಥಿಗಳ ಏಜೆಂಟರಿಗೆ ಕೇಳುವ ಹಾಗೆ ಜೋರಾಗಿ ಓದಿ, ಹೆಸರಿಗೆ ಗೀಟು ಹಾಕುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ವೋಟ್ ಹಾಕುವವರನ್ನು ದಾಖಲಿಸುವ 17ಎ ರಿಜಿಸ್ಟರ್‌ನಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ತಗೋತಾರೆ. ಮೂರನೆಯವರು ವೋಟಿಂಗ್ ಮೆಷಿನ್‌ನ ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತುತ್ತಾರೆ. ಈ ಇಡೀ ಸಾಲಿನಲ್ಲಿ ಕಾರ್ಡ್‌ಗೆ ಇರೋದು ಒಂದೇ ಕೆಲಸ: ಪಟ್ಟಿಯಲ್ಲಿರುವ ಈ ಹೆಸರಿನವರು ಇವರೇ ಅಂತ ತೋರಿಸೋದು. ಇದೇ ನಿಮ್ಮ ಕೊನೆ ಸಾಲಿಗೆ ಉತ್ತರ. ಫೋಟೊ ಇರುವ ಕಾರ್ಡ್ ಬಂದಿದ್ದೇ 1993ರ ಮೇಲೆ, ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ.ಎನ್. ಶೇಷನ್ ಕಾಲದಲ್ಲಿ. ಅದಕ್ಕೂ ಮುಂಚೆ ನಾಲ್ಕು ದಶಕ ಈ ದೇಶ ಕಾರ್ಡಿಲ್ಲದೆ ವೋಟ್ ಹಾಕಿತ್ತು. ಪಟ್ಟಿ ಇಲ್ಲದೆ ಒಂದು ಸಲವೂ ಹಾಕಿಲ್ಲ.

ಕಾರ್ಡಿನ ವಿಷಯದಲ್ಲಿ ಚುನಾವಣಾ ಆಯೋಗ ಸಾಕಷ್ಟು ಸಡಿಲವಾಗಿಯೇ ಇದೆ. ಕಾರ್ಡ್ ಕಳೆದಿದೆಯಾ? ಪರವಾಗಿಲ್ಲ. 2023ರಲ್ಲಿ ಅದರ ಬದಲು 12 ದಾಖಲೆಗಳಲ್ಲಿ ಯಾವುದಾದರೂ ಒಂದು ನಡೆಯುತ್ತಿತ್ತು. ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಬ್ಯಾಂಕ್ ಇಲ್ಲವೇ ಪೋಸ್ಟ್ ಆಫೀಸಿನ ಫೋಟೊ ಇರುವ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್, ಹೀಗೆ. ಕಾರ್ಡ್‌ನಲ್ಲಿ ಹೆಸರಿನ ಸ್ಪೆಲಿಂಗ್ ತಪ್ಪಿದ್ದರೆ ಅದನ್ನು ದೊಡ್ಡದು ಮಾಡಬಾರದು ಅಂತ ಸೂಚನೆಯೇ ಇದೆ. ಬೇರೆ ಕ್ಷೇತ್ರದ ಹಳೇ ಕಾರ್ಡ್ ತಂದರೂ ಸರಿ, ಈ ಬೂತ್‌ನ ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೇ.

ರೇಷನ್ ಕಾರ್ಡ್ ಆ 12ರಲ್ಲಿ ಇರಲಿಲ್ಲ. ಹಾಗಾಗಿ ನಿಮ್ಮ ಪಕ್ಕದ ಮನೆಯವರನ್ನು ತಡೆದದ್ದು ನಿಯಮದ ಪ್ರಕಾರ ಸರಿ. ಆದರೆ ತಡೆದವರು ಇನ್ನೊಂದು ಮಾತು ಹೇಳಬೇಕಿತ್ತು: "ಮನೆಗೆ ಹೋಗಿ ಆಧಾರ್ ತಗೊಂಡು ಬನ್ನಿ, ಸಂಜೆ 6ರ ತನಕ ಟೈಮ್ ಇದೆ." ಅದನ್ನು ಹೇಳದೆ ಬರೀ ಇಲ್ಲ ಅಂದರೆ, ಬೆಳಿಗ್ಗೆ ಕೂಲಿ ಬಿಟ್ಟು ಬಂದವರು ತಿರುಗಿ ಬರೋದಿಲ್ಲ. ಇನ್ನೆರಡು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಮನೆಗೆ ಬರುವ ವೋಟರ್ ಸ್ಲಿಪ್ ಗುರುತಿನ ದಾಖಲೆ ಅಲ್ಲ, 2019ರಿಂದ ಅದನ್ನು ಒಪ್ಪುವುದಿಲ್ಲ. ಬೂತ್ ನಂಬರ್, ಕ್ರಮಸಂಖ್ಯೆ ನೋಡಿಕೊಳ್ಳೋಕೆ ಮಾತ್ರ ಅದು. ಕಾಲೇಜಿನ ಐಡಿ ಕಾರ್ಡ್ ಕೂಡ ನಡೆಯುವುದಿಲ್ಲ. ಮೊಬೈಲ್‌ನಲ್ಲಿ ಆಧಾರ್ ಫೋಟೊ ಇದೆ ಅಂತ ಧೈರ್ಯವಾಗಿ ಹೋಗುವವರಿಗೆ ಒಂದು ಮಾತು: ಮೊಬೈಲನ್ನೇ ಒಳಗೆ ಬಿಡುವುದಿಲ್ಲ.

ಈಗ ನಿಮ್ಮ ತಾಯಿಯ ವಿಷಯ. ನನಗೆ ನಿಜಕ್ಕೂ ಬೇಜಾರಾಗಿದ್ದು ಇಲ್ಲೇ.

ಹೆಸರು ಸುಮ್ನೆ ಹಾರಿಹೋಗುವುದಿಲ್ಲ. ಸಾಮಾನ್ಯವಾಗಿ ಆಗೋದು ಹೀಗೆ: ಪಟ್ಟಿಯ ಪರಿಷ್ಕರಣೆಗೆ ಅಂತ ಬಿಎಲ್‌ಓ, ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬರುತ್ತಾರೆ. ನಮ್ಮ ಕಡೆ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯರು, ಇಲ್ಲವೇ ನಿಮ್ಮಂಥ ಶಿಕ್ಷಕರು. ಮನೆಗೆ ಬೀಗ. ಪಕ್ಕದವರನ್ನು ಕೇಳುತ್ತಾರೆ. "ಅಜ್ಜಿ ದಾವಣಗೆರೆಗೆ ಹೋಗ್ಯಾರ" ಅಂತ ಉತ್ತರ ಬರುತ್ತೆ. ಹೋಗಿರೋದು ನಿಜ, ಆದರೆ ಬರೆಯುವಾಗ ಅದು "ಸ್ಥಳಾಂತರ" ಆಗಿಬಿಡುತ್ತೆ. ನಿಮ್ಮ ಮನೆಯಲ್ಲಿ ಇದೇ ಆಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ, ಆದರೆ ನೀವು ಬರೆದ ವಿವರ ನೋಡಿದರೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಕಾನೂನು ಇಲ್ಲಿ ನಿಮ್ಮ ತಾಯಿಯ ಕಡೆಗೇ ಇದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ವಾಸದ ಊರಿನಿಂದ ತಾತ್ಕಾಲಿಕವಾಗಿ ಆಚೆ ಹೋದ ಮಾತ್ರಕ್ಕೆ ಯಾರೂ ಅಲ್ಲಿನ ನಿವಾಸಿ ಅಲ್ಲ ಅಂತ ಆಗುವುದಿಲ್ಲ. ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿ ಸುಧಾರಿಸಿಕೊಂಡರೆ ಅದು ತಾತ್ಕಾಲಿಕವೇ ಅಲ್ವಾ? ಜೊತೆಗೆ 22ನೇ ಸೆಕ್ಷನ್ ಇದೆ. ಇವರು ಈಗ ಇಲ್ಲಿ ವಾಸವಿಲ್ಲ ಅಂತ ಹೆಸರು ತೆಗೆಯುವ ಮುಂಚೆ, ಅವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡಲೇಬೇಕು. ಅಂದರೆ ನೋಟಿಸ್ ಬರಬೇಕಿತ್ತು. ಬಂದಿಲ್ಲ ಅಂತ ನೀವು ಬರೆದಿದ್ದೀರಿ. ಬೀಗ ಹಾಕಿದ ಮನೆಗೆ ನೋಟಿಸ್ ಅಂಟಿಸಿ ಹೋಗಿರಬಹುದು, ಅದು ಗಾಳಿಗೆ ಹೋಗಿರಬಹುದು, ಅಥವಾ ಬಂದೇ ಇಲ್ಲದಿರಬಹುದು. ಯಾವುದೇ ಆದರೂ ಅದಕ್ಕೆ ಉತ್ತರ ಹೇಳಬೇಕಾದವರು ಎಂಬತ್ತು ದಾಟಿದ ಹೆಂಗಸಲ್ಲ. "ಮತದಾರರು ಪಟ್ಟಿ ನೋಡಿಕೊಳ್ಳಬೇಕಿತ್ತು" ಅನ್ನೋ ಮಾತು ನನಗೆ ಹಿಡಿಸೋದಿಲ್ಲ. ನೋಡಿಕೊಳ್ಳಬೇಕು, ನಿಜ. ಆದರೆ ತೆಗೆಯುವವರು ತೆಗೆಯುವ ಮುಂಚೆ ನೋಡಬೇಕಾದ್ದು ಅದಕ್ಕಿಂತ ಮೊದಲಿನ ಕೆಲಸ.

ಹೆಸರು ತೆಗೆದ ಆದೇಶದ ಮೇಲೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಆ ಗಡುವು ನಿಮಗೆ ಎಂದೋ ಮುಗಿದಿದೆ. ಆದೇಶ ಆಗಿದೆ ಅಂತಲೇ ಗೊತ್ತಿಲ್ಲದವರಿಗೆ 15 ದಿನ ಇದ್ದರೂ ಒಂದೇ, ವರ್ಷ ಇದ್ದರೂ ಒಂದೇ.

ಬೇರೆಯವರ ಹೆಸರು ತೆಗೆಸಲು ಅರ್ಜಿ ಹಾಕುವವರೂ ಇದ್ದಾರೆ. ಫಾರ್ಮ್ 7 ಇರೋದೇ ಆಕ್ಷೇಪಣೆಗೆ, ಅದನ್ನು ದುರುಪಯೋಗ ಮಾಡೋದು ಸುಲಭ. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೀಗೆ 6,018 ಅರ್ಜಿ ಆನ್‌ಲೈನ್‌ನಲ್ಲಿ ಬಂದಿದ್ದವು. ಮನೆಮನೆಗೆ ಹೋಗಿ ನೋಡಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994 ಅರ್ಜಿ ತಿರಸ್ಕಾರವಾಗಿ, ಪೊಲೀಸ್ ಕೇಸೂ ಆಯಿತು. ಯಾರದೋ ಹೆಸರಲ್ಲಿ ಇನ್ಯಾರೋ ಹಾಕಿದ ಅರ್ಜಿಗಳು. ಹೋಗಿ ನೋಡಿದ್ದರಿಂದ ಅಲ್ಲಿ ಸಾವಿರಾರು ಜನರ ವೋಟು ಉಳಿಯಿತು. ನಿಮ್ಮೂರಲ್ಲಿ ಒಂದು ಫೋನ್ ಮಾಡಿ ಕೇಳಿದ್ದರೂ ಸಾಕಿತ್ತು.

ಇನ್ನು ನಿಮ್ಮ ಮಗ. ಇಲ್ಲಿ ನಾನು ನಿಮ್ಮ ಪರ ಇಲ್ಲ, ಬೇಜಾರು ಮಾಡ್ಕೋಬೇಡಿ.

ಎರಡು ಕಡೆ ಹೆಸರಿರೋದು ತಪ್ಪು, ಅಷ್ಟೇ. ಒಬ್ಬರ ಹೆಸರು ಒಂದಕ್ಕಿಂತ ಜಾಸ್ತಿ ಕ್ಷೇತ್ರದಲ್ಲಿ ಇರಬಾರದು ಅಂತ ಅದೇ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತೆ. "ಸ್ವಂತ ಮನೆ ಇದೆ" ಅನ್ನೋ ನಿಮ್ಮ ವಾದಕ್ಕೂ 20ನೇ ಸೆಕ್ಷನ್ನಿನಲ್ಲೇ ಉತ್ತರ ಇದೆ: ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿ ಆಗುವುದಿಲ್ಲ. ಇದನ್ನು ಓದಿದಾಗ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಮನೆಯೇ ಇಲ್ಲದವರಿಗೂ ಇಲ್ಲಿ ವೋಟಿದೆ. ಫುಟ್‌ಪಾತ್ ಮೇಲೆ ಮಲಗುವವರು ಅರ್ಜಿ ಹಾಕಿದರೆ, ಬಿಎಲ್‌ಓ ರಾತ್ರಿ ಹೊತ್ತು ಹೋಗಿ ಅವರು ಅಲ್ಲೇ ಮಲಗುತ್ತಾರಾ ಅಂತ ನೋಡಿ ಹೆಸರು ಸೇರಿಸಬೇಕು, ವಿಳಾಸದ ದಾಖಲೆ ಕೇಳುವಂತಿಲ್ಲ. ನಾಲ್ಕು ಮನೆ ಇದ್ದವರಿಗೂ ಒಂದೇ ವೋಟು, ಒಂದೂ ಇಲ್ಲದವರಿಗೂ ಒಂದೇ.

ಮಗ ಬೆಂಗಳೂರಲ್ಲಿ ಹೆಸರು ಸೇರಿಸೋ ಅರ್ಜಿ, ಅಂದರೆ ಫಾರ್ಮ್ 6 ತುಂಬುವಾಗ, ಬೇರೆಲ್ಲೂ ನನ್ನ ಹೆಸರಿಲ್ಲ ಅನ್ನೋ ಅರ್ಥದ ಘೋಷಣೆಗೆ ಸಹಿ ಹಾಕಿರುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಿದರೆ ಒಂದು ವರ್ಷದ ತನಕ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಅವರು ಬೇಕಂತಲೇ ಮಾಡಿದ್ದಾರೆ ಅಂತ ನಾನು ಅಂದುಕೊಂಡಿಲ್ಲ. ಹೊಸ ಊರಲ್ಲಿ ಮನೆ ಮಾಡಿದಾಗ ಬಹಳ ಜನ ಫಾರ್ಮ್ 8 ಹಾಕಿ ವರ್ಗ ಮಾಡಿಸಿಕೊಳ್ಳೋ ಬದಲು ಹೊಸದಾಗಿ ಫಾರ್ಮ್ 6 ಹಾಕಿಬಿಡುತ್ತಾರೆ. ಹಳೇದು ಹಾಗೇ ಉಳಿಯುತ್ತೆ. ಆದರೆ ಗೊತ್ತಾದ ಮೇಲೂ ಬಿಟ್ಟರೆ ಅದು ಮರೆವಲ್ಲ.

"ಒಂದೇ ದಿನ ಎರಡು ಕಡೆ ಹಾಕೋಕಾಗುತ್ತಾ?" ಅಂತ ನೀವು ಕೇಳಿದ್ದೀರಿ. 2023ರಲ್ಲಿ ರಾಜ್ಯಕ್ಕೆಲ್ಲ ಒಂದೇ ದಿನ, ಸರಿ. 2024ರ ಲೋಕಸಭೆ ಚುನಾವಣೆ ನೆನಪಿದೆಯಾ? ಬೆಂಗಳೂರಲ್ಲಿ ಏಪ್ರಿಲ್ 26, ಹಾವೇರಿಯಲ್ಲಿ ಮೇ 7. ನಡುವೆ ಬಸ್ ಹತ್ತಿ ಊರಿಗೆ ಬರೋಕೆ ಬೇಕಾದಷ್ಟು ದಿನ. ಅಲ್ಲಿ ತಡೆಯೋದು ಮೈಸೂರಿನ ಶಾಯಿ. 1962ರಿಂದ ಮೈಸೂರು ಪೇಂಟ್ಸ್ ಕಾರ್ಖಾನೆ ಮಾಡಿಕೊಡುವ ಆ ಶಾಯಿ ಉಗುರು ಬೆಳೆದು ಹೋಗೋ ತನಕ ಕಾಣುತ್ತೆ. ಎಡಗೈ ತೋರುಬೆರಳಲ್ಲಿ ಗುರುತು ಇದ್ದರೆ ವೋಟ್ ಹಾಕಲು ಬಿಡುವಂತಿಲ್ಲ, ಬೆರಳು ತೋರಿಸಲ್ಲ ಅಂದವರಿಗೂ ಅಷ್ಟೇ. ಕಣ್ತಪ್ಪಿಸಿ ಎರಡು ಕಡೆ ಹಾಕಿದರು ಅಂತಿಟ್ಟುಕೊಳ್ಳಿ, ಕಾನೂನಿನ ಪ್ರಕಾರ ಎರಡೂ ವೋಟು ರದ್ದು. ಎರಡನೆಯದು ಮಾತ್ರ ಅಲ್ಲ, ಮೊದಲನೆಯದೂ ಹೋಯಿತು. ಮಗನಿಗೆ ಹೇಳಿ: ಈಗ ಇರೋದು ಬೆಂಗಳೂರಲ್ಲಾದರೆ ಊರಿನ ಹೆಸರಿಗೆ ತಾವೇ ಫಾರ್ಮ್ 7 ಹಾಕಲಿ. ಊರಿನ ಮೇಲೆ ಪ್ರೀತಿ ಇದ್ದರೆ ಜಾತ್ರೆಗೆ ಬರಲಿ, ಯಾರು ಬೇಡ ಅಂದರು.

ಅಂದ ಹಾಗೆ, ನಮ್ಮ ಹೆಸರಲ್ಲಿ ಬೇರೆ ಯಾರೋ ಮೊದಲೇ ಹಾಕಿಬಿಟ್ಟಿದ್ದರೆ ಅಲ್ಲಿಂದ ಸುಮ್ನೆ ವಾಪಸ್ ಬರಬೇಡಿ. ನಿಮ್ಮ ಗುರುತು ಸಾಬೀತಾದರೆ ಟೆಂಡರ್ಡ್ ಬ್ಯಾಲೆಟ್ ಕೊಡಬೇಕು. ಅದು ಮೆಷಿನ್‌ನಲ್ಲಿ ಅಲ್ಲ, ಕಾಗದದ ಮೇಲೆ. ನಿಮ್ಮ ಹೆಸರಲ್ಲಿ ಮೋಸ ಆಗಿದೆ ಅನ್ನೋದಕ್ಕೆ ಅದೊಂದು ದಾಖಲೆ. ಇನ್ನೊಂದು ಕಡೆ, ಬಂದವರು ಅಸಲಿ ಅಲ್ಲ ಅಂತ ಏಜೆಂಟರಿಗೆ ಅನುಮಾನ ಬಂದರೆ 2 ರೂಪಾಯಿ ಕಟ್ಟಿ ಸವಾಲು ಹಾಕಬಹುದು. ಚಹಾ ಕೂಡ ಬರದ ದುಡ್ಡು ಅದು, ಆದರೂ ನಿಯಮದಲ್ಲಿ ಹಾಗೇ ಉಳಿದಿದೆ.

ದುಬೈ ಮಗಳಿಗೆ ಉತ್ತರ ಚಿಕ್ಕದು. ಭಾರತದ ಪೌರತ್ವ ಬಿಟ್ಟಿಲ್ಲ ಅಂದರೆ, ಫಾರ್ಮ್ 6ಎ ಹಾಕಿ ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದಲ್ಲೇ ಹೆಸರು ಸೇರಿಸಬಹುದು. ಆನ್‌ಲೈನ್ ಮತದಾನ ಇಲ್ಲ. ಖುದ್ದು ಬಂದು, ಅಸಲಿ ಪಾಸ್‌ಪೋರ್ಟ್ ತೋರಿಸಿ ಹಾಕಬೇಕು. ಒಂದು ವೋಟಿಗೆ ವಿಮಾನದ ಟಿಕೆಟ್ ಅಂದರೆ ಎಷ್ಟು ಜನ ಬಂದಾರು, ನೀವೇ ಹೇಳಿ.

ಮೊಮ್ಮಗ ಜನವರಿವರೆಗೆ ಕಾಯಬೇಕಿಲ್ಲ. ಮುಂಚೆ 18 ತುಂಬಿದೆಯಾ ಅಂತ ನೋಡೋಕೆ ಜನವರಿ 1 ಒಂದೇ ಲೆಕ್ಕದ ದಿನ ಆಗಿತ್ತು. 2021ರ ತಿದ್ದುಪಡಿ ಆದ ಮೇಲೆ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಮಾರ್ಚ್‌ನಲ್ಲಿ 18 ಆದರೆ ಏಪ್ರಿಲ್ 1ಕ್ಕೆ ಅರ್ಹ, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ನೀವು 21ರ ತನಕ ಕಾದ ಕಾಲದವರು. 1989ರಲ್ಲಿ ಅದು 18ಕ್ಕೆ ಇಳಿಯಿತು.

ಈಗ ಮಾಡಬೇಕಾದ್ದು. ತಾಯಿಯ ಹೆಸರು ಪಟ್ಟಿಯಿಂದ ಹೋಗಿರೋದರಿಂದ ಫಾರ್ಮ್ 8 ಪ್ರಯೋಜನಕ್ಕೆ ಬರುವುದಿಲ್ಲ, ಹೊಸದಾಗಿ ಫಾರ್ಮ್ 6 ಹಾಕಿ. ಆನ್‌ಲೈನ್‌ನಲ್ಲೂ ಹಾಕಬಹುದು, ಬಿಎಲ್‌ಓ ಕೈಗೂ ಕೊಡಬಹುದು. ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು, ಹಾಗಾಗಿ ಕೊನೆ ಗಳಿಗೆಯಲ್ಲಿ ಕೊಟ್ಟದ್ದು ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಈಗ 86 ಅಂತ ಬರೆದಿದ್ದೀರಿ. ಹೆಸರು ಒಮ್ಮೆ ಸೇರಿಬಿಟ್ಟರೆ ಮುಂದಿನ ಸಲ ಬೂತ್‌ಗೆ ಹೋಗಲೇಬೇಕು ಅಂತಿಲ್ಲ. 85 ದಾಟಿದವರಿಗೆ ಮನೆಯಲ್ಲೇ ವೋಟ್ ಹಾಕುವ ಅನುಕೂಲ ಇದೆ. ಬಿಎಲ್‌ಓ ತಂದುಕೊಡುವ 12ಡಿ ಫಾರ್ಮನ್ನು ಅಧಿಸೂಚನೆ ಹೊರಟ ಐದು ದಿನದೊಳಗೆ ತುಂಬಿ ಕೊಡಬೇಕು. ಫಾರ್ಮ್ 6 ಕೊಟ್ಟಾಗ ಬರುವ ರೆಫರೆನ್ಸ್ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ತಿಂಗಳಾದರೂ ಹೆಸರು ಬರದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಆ ನಂಬರ್ ಹೇಳಿ. ಆಗಲೂ ಏನೂ ಆಗದಿದ್ದರೆ ನಮಗೆ ಇನ್ನೊಂದು ಪತ್ರ ಹಾಕಿ, ಈ ಸಲ ಚಿಕ್ಕದಾಗಿ ಬರೆದರೂ ಸಾಕು.