ಜಾತ್ರ್ಯಾಗಿನ ರೇ ಗನ್: ಲೈಟ್ ಮಂಕು, ಸಪ್ಪಳಿಲ್ಲ

ನಿಮ್ಮ ಮಗನ ರೇ ಗನ್ನಿನಾಗ (ಬಾಹ್ಯಾಕಾಶದ ಕಥ್ಯಾಗಿನಂಥ, ಲೈಟು ಸಪ್ಪಳ ಮಾಡೂ ಆಟಿಕಿ ಬಂದೂಕು) ಹಳೇ ಸೆಲ್ ಸೋರಿ ಸ್ಪ್ರಿಂಗಿಗೆ ಜಂಗ್ ಹಿಡದಿರಬೇಕ್ರಿ. ವಿಜಯಪುರದ ಸಿದ್ಧೇಶ್ವರ ಜಾತ್ರ್ಯಾಗ ತಗೊಂಡಿದ್ದು, ಕಪಾಟಿನಾಗ ಬಿದ್ದಿತ್ತು, ಈಗ ಹೊಸಾ ಸೆಲ್ ಹಾಕಿದ್ರೂ ಲೈಟ್ ಮಂಕು, ಸಪ್ಪಳಿಲ್ಲ ಅಂದೀರಲ್ಲ, ಅದಕ್ಕ ಈ ಅನುಮಾನ.

ಮೊದಲ ಸೆಲ್ ತಗದು ಸ್ಪ್ರಿಂಗಿನ ಬುಡ ನೋಡ್ರಿ. ಬಿಳಿ ಇಲ್ಲಾ ಹಸಿರು ಪುಡಿ ಕಂಡ್ರ ಕೈಲೆ ಮುಟ್ಟಬ್ಯಾಡ್ರಿ. ಒಣಾ ಹಳೇ ಬ್ರಷ್‌ಲೆ ಉದುರಿಸಿ, ಪಾಲಿಶ್ ಪೇಪರ್‌ಲೆ ಲೋಹ ಹೊಳಿಯೂ ತನಕ ತಿಕ್ಕರಿ. ರಿಚಾರ್ಜೆಬಲ್ ಸೆಲ್ ಹಾಕಿದ್ರ ಬ್ಯಾಡ, ಅವು 1.2 ವೋಲ್ಟ್, ಸಾದಾ 1.5 ವೋಲ್ಟಿನವ ಹಾಕ್ರಿ. ಲೈಟಿಗೆ ಸಾಲೂ ಕರೆಂಟ್ ಸಪ್ಪಳಕ್ಕ ಸಾಲಂಗಿಲ್ಲ. (ಬಾಹ್ಯಾಕಾಶದಾಗ ಗಾಳಿನ ಇಲ್ಲ, ಸಪ್ಪಳಾನೂ ಇಲ್ಲ ಅಂತ ಮಗನಿಗೆ ಹೇಳಿ ನೋಡಬಹುದು, ಕೇಳಂಗಿಲ್ಲ ಬಿಡ್ರಿ.)

ಆದ್ರೂ ಸುಮ್ಮನಿದ್ರ ಸ್ಪೀಕರ್ ವೈರ್ ಕಿತ್ತಿರಬಹುದು, ಬಿಚ್ಚಿ ನೋಡದ ಖಾತ್ರಿ ಹೇಳಾಕ ಬರಂಗಿಲ್ಲ. ಕಿತ್ತಿದ್ರ ಮೊಬೈಲ್ ರಿಪೇರಿ ಅಂಗಡ್ಯಾಗ ಬೆಸುಗಿ ಹಾಕಸ್ರಿ.